ಬಾವಿಗೆ ಬಳಿದ ಸುಣ್ಣ

ನನ್ನ ಹೆಂಡತಿ ಗಿರಿಜೆಗೆ ಕಸ ಕಂಡರೆ ಆಗುವುದಿಲ್ಲ. ನನಗೆ ಕಸಬರಿಗೆ ಕಂಡರೆ ಆಗುವುದಿಲ್ಲ. ಇಷ್ಟು ಹೊಂದಾಣಿಕೆಯ ಜೋಡಿ ಇಡೀ ಕುಷ್ಟಗಿಯಲ್ಲಿ ಇನ್ನೊಂದಿರಲಾರದು. ಅವಳು ಗುಡಿಸುವಾಗ ನಾನು ಕುರ್ಚಿಯ ಮೇಲೆ ಕಾಲು ಎತ್ತಿಕೊಂಡು ಕೂರುತ್ತೇನೆ. ಸಂಸಾರದಲ್ಲಿ ಸಹಕಾರ ಎಂದರೆ ಇದೇ ಎಂದು ನಾನು ತಿಳಿದಿದ್ದೆ. ಅವಳು ಹಾಗೆ ತಿಳಿದಿರಲಿಲ್ಲವೆಂಬುದು ಈ ವರ್ಷ ಗೊತ್ತಾಯಿತು.

ನನ್ನದು ಭಾಂಡೆ ಅಂಗಡಿ. ಕೊಡ, ಬುಟ್ಟಿ, ಬಕೆಟ್ಟು, ತಾಟು, ತಂಬಿಗೆಗಳ ನಡುವೆ ಕೂತೇ ನನ್ನ ಆಯುಷ್ಯದ ಹೆಚ್ಚಿನ ಪಾಲು ಕಳೆದಿದೆ. ಗಿರಿಜೆ ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಆ ಸಾಲೆಯ ಹಿಂದೆ ಮೆಟ್ಟಿಲುಗಳ ಹಳೆಯ ಕಲ್ಲುಬಾವಿಯೊಂದಿದೆ. ಇದೆ ಎಂದು ಊರವರು ಹೇಳುತ್ತಿದ್ದರು, ಅಷ್ಟೆ. ನೋಡಲು ಹೋದರೆ ಕಾಣುತ್ತಿದ್ದುದು ಜಾಲಿಕಂಟಿ, ಪ್ಲಾಸ್ಟಿಕ್ ಚೀಲ, ಹರಿದ ಚಪ್ಪಲಿ ಮತ್ತು ಯಾರದೋ ಮದುವೆಯ ಊಟದ ತಟ್ಟೆಗಳು. ಹಳೇ ಬಾವಿಗಳನ್ನು ಭಾನುವಾರ ಭಾನುವಾರ ಹೂಳು ತೆಗೆದು ಶುಚಿ ಮಾಡುವ ಒಂದು ತಂಡ ಸಂಕ್ರಾಂತಿಯ ಹೊತ್ತಿಗೆ ಅಲ್ಲಿಗೆ ಬಂತು. ಕಸ ಅಲ್ಲಿ, ಗಿರಿಜೆ ಇಲ್ಲಿ. ಇವೆರಡೂ ದೂರ ಉಳಿಯುವುದು ಸಾಧ್ಯವಿರಲಿಲ್ಲ. ಅವಳು ಸೇರಿದಳು. ಸ್ಕೂಟರು ನನ್ನದಾದ್ದರಿಂದ ನಾನೂ ಸೇರಿದೆ.

ನನ್ನ ಸ್ವಯಂಸೇವೆಯ ಬಗ್ಗೆ ದೊಡ್ಡದಾಗಿ ಹೇಳಿಕೊಳ್ಳುವುದು ಬೇಡ. ಅಂಗಡಿಯಿಂದ ಬಕೆಟ್ಟು ಒಯ್ಯುವುದು, ಬೇವಿನ ನೆರಳಿನಲ್ಲಿ ಚಹಾದ ಫ್ಲಾಸ್ಕು ಕಾಯುವುದು, ಹೂಳಿನ ಬುಟ್ಟಿ ಕೈಯಿಂದ ಕೈಗೆ ಮೇಲೆ ಬರುವಾಗ ಸಾಲಿನ ಕಟ್ಟಕಡೆಗೆ ನಿಂತು, ಎಲ್ಲರೂ ಹೊತ್ತದ್ದನ್ನು ನಾನೇ ಹೊತ್ತೆನೆಂಬಂತೆ ಸುರಿಯುವುದು. ಬೇಸಿಗೆಯಿಡೀ ಹೀಗೆ ನಡೆಯಿತು. ನಡುವೆ ಪ್ರವಾಸಗಳೂ ಆದವು. ಬೇರೆಯವರು ಹೇಮಗುಡ್ಡಕ್ಕೆ ಹೋದರೆ ದುರ್ಗಮ್ಮನಿಗೆ ಕಾಯಿ ಒಡೆಸಿ, ಬುತ್ತಿ ಉಂಡು ಬರುತ್ತಾರೆ. ಗಿರಿಜೆ ಕೈಮುಗಿದವಳೇ ಗುಡಿಯ ಹಿಂದಕ್ಕೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆಂದು ಪೂಜಾರಿಯನ್ನು ಕೇಳುತ್ತ ನಿಂತಳು. ಲಕ್ಕುಂಡಿಗೂ ಹೋದೆವು. ಅಲ್ಲಿ ಅಷ್ಟೊಂದು ಗುಡಿಗಳಿದ್ದರೂ ನಾನು ನೋಡಿದ್ದು ಬಾವಿಗಳನ್ನೇ.

ಬಾವಿಯ ಕೆಲಸ ಶುರುವಾದ ಹೊತ್ತಿಗೇ ಮಗಳು ಅನ್ನಪೂರ್ಣೆ ಬಸುರಿಯೆಂಬ ಸಿಹಿಸುದ್ದಿ ಬಂದಿತ್ತು. ಅವಳನ್ನು ಕೊಟ್ಟಿರುವುದು ನವಲಿಗೆ, ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆತನಕ್ಕೆ. ಚೊಚ್ಚಲ ಬಾಣಂತನ ತವರಿನದು. ನಮ್ಮ ಕಡೆ ಬಾಣಂತಿ ಮೂರನೆಯ ತಿಂಗಳಲ್ಲಿ ಗಂಗಿಪೂಜೆ ಮಾಡುತ್ತಾಳೆ: ಬಾವಿಗೆ ಹೋಗಿ, ಅರಿಸಿನ ಕುಂಕುಮ ಏರಿಸಿ, ಕೊಡ ತುಂಬಿಕೊಂಡು ಬರುತ್ತಾಳೆ. ಅಲ್ಲಿಯವರೆಗೆ ಅವಳು ಮನೆಯ ನೀರಿನ ಕೊಡ ಮುಟ್ಟುವಂತಿಲ್ಲ, ಗಂಡನ ಮನೆಗೆ ಹೋಗುವಂತೆಯೂ ಇಲ್ಲ. ಈಗ ಬಾವಿಗಳು ಎಲ್ಲಿವೆ? ಹಿತ್ತಲ ನಳಕ್ಕೇ ಕುಂಕುಮ ಹಚ್ಚಿ ಮುಗಿಸುತ್ತಾರೆ. ಫಿಲ್ಟರ್ ನೀರಿನ ಕ್ಯಾನಿಗೆ ಹೂವು ಏರಿಸಿದವರನ್ನೂ ನಾನು ಬಲ್ಲೆ. ಅವರು ಪೂಜೆಗೆಂದು ತಾಮ್ರದ ಕೊಡ ಒಯ್ದದ್ದು ನನ್ನ ಅಂಗಡಿಯಿಂದಲೇ.

ಸೀಮಂತಕ್ಕೆ ಬಂದ ಬೀಗತಿ ಶಾಂತಮ್ಮನ ಮುಂದೆ ಗಿರಿಜೆ ಹೇಳಿಬಿಟ್ಟಳು: "ಗಂಗಿಪೂಜಿ ನಮ್ಮ ಸಾಲಿ ಬಾವ್ಯಾಗ ಮಾಡ್ತೀವ್ರಿ ಅಕ್ಕಾರ."

"ಅದ್ರಾಗ ನೀರು ಅದಾವೇನ್ರಿ?" ಎಂದರು ಶಾಂತಮ್ಮ.

"ಬರ್ತಾವ್ರಿ."

"ನಮ್ಮೂರಾಗ ಕಾಲುವಿ ತುಂಬಿ ಹರೀತೈತ್ರಿ. ನಿಮ್ಮ ಬಾವಿ ಸುದ್ದಿ ನನಗ ತಿಳಿಯಂಗಿಲ್ಲ. ಆದ್ರ ಒಂದು ಮಾತು. ಪೂಜಿ ಆದ ಮರುದಿನಾನ ಸೊಸಿ, ಕೂಸು ನವಲ್ಯಾಗಿರಬೇಕು."

ಗಿರಿಜೆ ಹೂಂ ಎಂದಳು. ಆಗ ಕೂಸು ಹುಟ್ಟಿರಲಿಲ್ಲ, ಬಾವಿಯಲ್ಲಿ ನೀರೂ ಇರಲಿಲ್ಲ. ಕಾಣದ ಕೂಸನ್ನು ಕಳಿಸಿಕೊಡುತ್ತೇನೆಂದು ಒಪ್ಪುವುದು ಸುಲಭ.

ಮುಂಗಾರು ಈ ಸಲ ಕೈಕೊಡಲಿಲ್ಲ. ತಳದ ಬಂಡೆಯ ಸಂದಿಯಿಂದ ಸೆಲೆ ಒಡೆಯಿತು. ಮೊದಲು ಒಂದು ಒದ್ದೆ ಕಲೆ, ಆಮೇಲೆ ಅಂಗೈಯಷ್ಟು, ಆಮೇಲೆ ಮೆಟ್ಟಿಲ ಮೇಲೆ ಮೆಟ್ಟಿಲು ಮುಳುಗುತ್ತ ನೀರು ಏರಿತು. ಶ್ರಾವಣದಲ್ಲಿ ಮೊಮ್ಮಗಳು ಹುಟ್ಟಿದಳು. ಆ ಎರಡು ತಿಂಗಳು ನಮ್ಮ ಮನೆ ಲೋಬಾನದ ಹೊಗೆ, ಅಳವಿ ಪಾಯಸ, ಒಣಗಲು ಹಾಕಿದ ಬಟ್ಟೆಗಳಲ್ಲಿ ಮುಳುಗಿಹೋಯಿತು. ನಾನು ಅಂಗಡಿಯ ಬಾಗಿಲನ್ನು ತಡವಾಗಿ ತೆಗೆಯತೊಡಗಿದೆ. ಗಿರಿಜೆ ಸಾಲೆಯಿಂದ ಬಂದವಳೇ ಕೈಕಾಲು ತೊಳೆದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡರೆ, ಮನೆಯ ಮೂಲೆಯಲ್ಲಿ ಕಸ ಬಿದ್ದಿದ್ದರೂ ಏಳುತ್ತಿರಲಿಲ್ಲ. ಇದು ನಮ್ಮ ಮದುವೆಯ ಇತಿಹಾಸದಲ್ಲೇ ಮೊದಲು.

ದಸರಾ ರಜೆ ಬಂತು. ದಸರೆಯ ಮುಂದೆ ನಮ್ಮ ಕಡೆಯ ಹೆಣ್ಣುಮಕ್ಕಳು ಮನೆಯಲ್ಲಿ ಯಾವುದನ್ನೂ ಇದ್ದ ಹಾಗೆ ಬಿಡುವುದಿಲ್ಲ. ಡಬ್ಬಿ ತೊಳೆಯುತ್ತಾರೆ, ಕೌದಿ ಒಗೆಯುತ್ತಾರೆ, ಗೋಡೆಗೆ ಸುಣ್ಣ ಹಚ್ಚಿ ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಾರೆ. ಗಿರಿಜೆ ಮತ್ತು ಸಾಲೆಯಲ್ಲಿ ಅವಳ ಜೊತೆ ಕಲಿಸುವ ಬಾಯಿಯವರು ಅದೇ ಭರದಲ್ಲಿ ಬಾವಿಗೂ ಸುಣ್ಣ ಹಚ್ಚಿಬಿಟ್ಟರು. ಗಂಗಿಪೂಜೆ ಹತ್ತಿರ ಬಂದಿದೆ, ಬೀಗರು ಬರುತ್ತಾರೆ, ಬಾವಿ ಬೆಳ್ಳಗೆ ಕಾಣಬೇಡವೇ? ಸುಣ್ಣ ಕಲಸುವ ಬಕೆಟ್ಟು ಕೊಟ್ಟವನು ನಾನು. ಮುಗಿದ ಮೇಲೆ ನೋಡಿ "ಹೊಸಾ ಮನಿ ಆದಂಗಾತು" ಎಂದು ಹೊಗಳಿದವನೂ ನಾನೇ.

ತಂಡಕ್ಕೆ ದಾರಿ ತೋರಿಸುವ ಇಂಜಿನಿಯರ್ ಮೇಡಂ ಆಗಾಗ ಕೊಪ್ಪಳದಿಂದ ಬರುತ್ತಾರೆ. ಬಂದವರು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಟೀಚರ್, ಇಲ್ಲಿ ಗ್ವಾಡಿ ಮ್ಯಾಲ ಕೊಡ ಹೊತ್ತ ಹೆಣ್ಣಮಗಳ ಕೆತ್ತನಿ ಇತ್ತಲ್ರಿ?"

ಇತ್ತು. ಸುಣ್ಣದ ಕೆಳಗೆ ಅವಳ ಕಣ್ಣು, ಮೂಗು, ಕೊಡ ಎಲ್ಲ ಮುಚ್ಚಿಹೋಗಿದ್ದವು. ಗಿರಿಜೆಯ ಮುಖವೂ ಸುಣ್ಣ ಬಳಿದಂತಾಯಿತು. ಸಾಲದ್ದಕ್ಕೆ ಆ ಸಂಜೆಯೇ ಮಳೆ ಹೊಡೆದು, ಸುಣ್ಣವೆಲ್ಲ ಇಳಿದು, ಬಾವಿಯ ನೀರು ಮಜ್ಜಿಗೆಯಂತಾಯಿತು. ಆ ನೀರನ್ನು ತೆಗೆದುಹಾಕಬೇಕು, ಸುಣ್ಣ ಪೂರಾ ಹೋಗುವವರೆಗೆ ಪೂಜೆ ಆಗದು. ಬೇಗ ಆಗಲಿ ಎಂದು ಆಸಿಡ್ ಹಾಕುವಂತಿಲ್ಲ, ತಂತಿಯ ಬ್ರಷ್ ಮುಟ್ಟಿಸುವಂತಿಲ್ಲ. ನೀರು ಚಿಮುಕಿಸಿ ತೆಂಗಿನ ನಾರಿನಿಂದ ತಿಕ್ಕಬೇಕು ಎಂದು ಮೇಡಂ ಹೇಳಿ ಹೋದರು. ಪೂಜೆ ಮುಂದಕ್ಕೆ ಹೋಯಿತು. ಶಾಂತಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕಾಲುವಿ ಐತಿ ಅಂತ ನಾ ಆವಾಗನ ಹೇಳಿದ್ದೆ" ಎಂದಷ್ಟೇ ಹೇಳಿ ಇಟ್ಟರು.

ಆಮೇಲಿನ ಭಾನುವಾರಗಳಲ್ಲಿ ನಾನು ಬೇವಿನ ನೆರಳಿನಲ್ಲಿ ಕೂತು ಒಂದು ವಿಚಿತ್ರ ಕಂಡೆ. ಊಟದ ಹೊತ್ತಿಗೆ ಇಡೀ ಮನೆ ತೊಳೆದು ಮುಗಿಸುವ ಹೆಂಗಸು ಒಂದು ಮೆಟ್ಟಿಲಿನ ಮುಂದೆ ಕೂತರೆ ಏಳುತ್ತಿಲ್ಲ. ತಿಕ್ಕಿದ್ದನ್ನೇ ತಿಕ್ಕುತ್ತಾಳೆ. ಬೇರೆಯವರು ಬಿರುಸಾಗಿ ಮುಂದೆ ಹೋದರೆ "ಸಾವಕಾಶ ಮಾಡ್ರಿ, ಕಲ್ಲಿಗೆ ಪೆಟ್ಟಾದೀತು" ಎನ್ನುತ್ತಾಳೆ. ಮೊದಲು, ತಪ್ಪು ಮಾಡಿದ ಅಳುಕು ಎಂದುಕೊಂಡೆ. ಒಂದು ಸಂಜೆ ಮನೆಗೆ ಬಂದಾಗ ಕೂಸು ಅವಳನ್ನು ನೋಡಿ ನಕ್ಕಿತು. ಗಿರಿಜೆ ಸುಣ್ಣದ ಕೈಯನ್ನು ಹಿಂದೆ ಕಟ್ಟಿಕೊಂಡು ಅದರ ಮುಂದೆ ಬಗ್ಗಿದಳು, ಆಮೇಲೆ ನನ್ನ ಕಡೆ ತಿರುಗಿ, ನಾನು ಕೇಳದಿದ್ದರೂ ಹೇಳಿದಳು: "ಇನ್ನೂ ಭಾಳ ಉಳದೈತ್ರಿ."

ಆಗ ನನಗೆ ತಿಳಿಯಿತು. ನವಲಿಯೇನು ಏಳು ಸಮುದ್ರದಾಚೆ ಇಲ್ಲ. ಸಾಲೆಗೆ ರಜೆ ಇದ್ದ ದಿನ ಹೋಗಿ ಸಂಜೆಗೆ ಬರಬಹುದು. ಆದರೆ ಸಂಜೆ ಸಾಲೆಯಿಂದ ಬಂದಾಗ ತೊಡೆ ಬರಿದಾಗಿರುತ್ತದೆ. ವರ್ಷವಿಡೀ ನೀರು ಬರಲಿ ಎಂದು ದುಡಿದವಳಿಗೆ, ನೀರು ಬಂದರೆ ಕೂಸು ಹೋಗುತ್ತದೆಂಬುದು ತಡವಾಗಿ ಹೊಳೆದಿತ್ತು. ಅಜ್ಜನಿಗೂ ತೊಡೆ ಇರುತ್ತದೆಂಬುದನ್ನು ಮಂದಿ ಮರೆಯುತ್ತಾರೆ.

ಮುಂದಿನ ಭಾನುವಾರ ನಾನು ಫ್ಲಾಸ್ಕು ಬದಿಗಿಟ್ಟು, ಒಂದು ಹಿಡಿ ನಾರು ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ಗಿರಿಜೆ ನನ್ನನ್ನು ನೋಡಿ, ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು. ನಿಧಾನವಾಗಿ ಕೆಲಸ ಮಾಡುವುದರಲ್ಲಿ ನನಗಿರುವ ಅನುಭವ ಆ ತಂಡದಲ್ಲಿ ಯಾರಿಗೂ ಇರಲಿಲ್ಲ. ಇಷ್ಟು ವರ್ಷ ಬೈಸಿಕೊಂಡ ನನ್ನ ಸೋಮಾರಿತನ ಕಡೆಗೂ ಮನೆಯ ಉಪಯೋಗಕ್ಕೆ ಬಂತು.

ದೀಪಾವಳಿ ಕಳೆದ ಮೇಲೆ ಶಾಂತಮ್ಮ ತಾವೇ ಕುಷ್ಟಗಿಗೆ ಬಂದರು. ಕೂಸನ್ನು ಎತ್ತಿ ಆಡಿಸಿದರು, ಮತ್ತೆ ಸೀದಾ "ಆ ಬಾವಿ ಒಮ್ಮೆ ತೋರಸ್ರಿ" ಎಂದರು. ಕರೆದುಕೊಂಡು ಹೋದೆವು. ಬಾವಿ ಬಹುತೇಕ ಹಸನಾಗಿತ್ತು, ನೀರು ತಿಳಿಯಾಗಿತ್ತು. ಉಳಿದಿದ್ದು ಆ ಕೊಡ ಹೊತ್ತ ಹೆಣ್ಣುಮಗಳೊಬ್ಬಳೇ. ಅವಳ ಮುಖ ಕಾಣುತ್ತಿತ್ತು, ಕೊಡ ಇನ್ನೂ ಸುಣ್ಣದಲ್ಲಿತ್ತು. ನಾವಿಬ್ಬರೂ ಅವಳ ಮುಂದೆ ಕೂತು ತಿಕ್ಕತೊಡಗಿದೆವು. ಬೀಗತಿ ನೋಡುತ್ತಿದ್ದಾರೆಂದು ನನ್ನ ಕೈ ತಾನಾಗಿ ಜೋರಾಯಿತು.

ಶಾಂತಮ್ಮ ಮೆಟ್ಟಿಲ ಮೇಲೆ ನಿಂತು ಒಂದಷ್ಟು ಹೊತ್ತು ನೋಡಿದರು: ಕೆತ್ತನೆಯನ್ನು, ಗಿರಿಜೆಯ ಕೈಯನ್ನು, ತಲೆಯೆತ್ತದ ಅವಳ ಮುಖವನ್ನು. ಅವರೂ ಮಗಳನ್ನು ಹೆತ್ತು, ಬಾಣಂತನ ಮಾಡಿ ಕಳಿಸಿದವರೇ. ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು ಬಂದರು, ಒಂದು ಹಿಡಿ ನಾರು ಎತ್ತಿಕೊಂಡು ನಮ್ಮ ನಡುವೆ ಕೂತರು.

"ಅಣ್ಣಾರ," ಎಂದರು ನನಗೆ, "ಅಷ್ಟು ಜೋರು ತಿಕ್ಕಬ್ಯಾಡ್ರಿ. ಕಲ್ಲು ಸವದೀತು."