ಅತ್ತೆಯ ಊರಿಗೆ ಐದು ದಿನ

ಹೊಲಿಗೆ ಅಂಗಡಿಯವಳು ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷಗಳಲ್ಲಿ ಅವಳ ಅತ್ತೆ ತಮಗಾಗಿ ಏನನ್ನೂ ಕೇಳಿದವರಲ್ಲ. ಒಂದು ದಿನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದವರು ತಲೆ ಎತ್ತದೆಯೇ, "ನಮ್ಮೂರಿಗೆ ಒಂದ್ಸಲ ಹೋಗಿ ಬರೋಣ್ವೇನೇ?" ಎಂದರು. ಅವರೂರೆಂದರೆ ಕಡಲತೀರದ ದೊಡ್ಡ ನಗರ. ಬಿಟ್ಟು ಬಂದು ಐವತ್ತೆರಡು ವರ್ಷವಾಗಿತ್ತು.

ಸೊಸೆಗೆ ಅಷ್ಟೇ ಸಾಕಾಯಿತು. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ದಿನದ ಪ್ರಯಾಣ ಬರೆದಳು. ಮೊದಲ ದಿನವೇ ಅತ್ತೆ ಹುಟ್ಟಿದ ಮನೆ. ದಾರಿ ಅತ್ತೆಗೆ ಬಾಯಿಪಾಠ: ಬಂದರಿನ ಗೇಟಿಂದ ಎಡಕ್ಕೆ, ಐಸ್ ಕಾರ್ಖಾನೆ ದಾಟಿ ಮೂರನೇ ಗಲ್ಲಿ, ನೀಲಿ ಬಾಗಿಲು.

"ಇನ್ನೂ ನೀಲಿನೇ ಇರುತ್ತಾ? ಯಾವ ಪೇಂಟಮ್ಮಾ ಅದು, ನಮ್ಮ ಗೇಟಿಗೂ ಬಳಿಯೋಣ!" ಎಂದು ಸೊಸೆಯ ಗಂಡ ತಾಯಿಯನ್ನು ನೋಡಿ ನಗಾಡಿದ.

ರೈಲಿನ ಟಿಕೆಟ್ ಆಯಿತು. ಗಲ್ಲಿಯ ಹತ್ತಿರವೇ ರೂಮು ಬೇಕೆಂದು ಸೊಸೆ ಅಲ್ಲಿನ ಲಾಡ್ಜಿಗೆ ಫೋನು ಮಾಡಿದಳು.

"ಆ ಗಲ್ಲಿನಾ? ಬಂದರು ದೊಡ್ಡದು ಮಾಡುವಾಗ ಅದನ್ನೆಲ್ಲ ಕೆಡವಿಬಿಟ್ರಲ್ಲ ಮೇಡಂ," ಎಂದ ಮ್ಯಾನೇಜರು. "ಈಗ ಅಲ್ಲಿ ಲಾರಿ ನಿಲ್ತವೆ."

ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ಅವಳು ದಿನ ದೂಡಿದಳು. ಅತ್ತೆಯೋ ಚಪ್ಪಲಿಗೆ ಹೊಸ ಪಟ್ಟಿ ಹಾಕಿಸಿಕೊಂಡು ಬಂದು, ಮನೆಯೊಳಗೇ ನಡೆದು ನೋಡುತ್ತಿದ್ದರು. ಫೋನು ಮಾಡಿದ ನಾಲ್ಕನೆಯ ದಿನ ಸೊಸೆ ಒಂದೇ ಅಂಗಿಗೆ ಎರಡೂ ಎಡತೋಳು ಹೊಲಿದಿಟ್ಟಳು. ಕಂಡುಹಿಡಿದವರು ಅತ್ತೆಯೇ.

"ಏನಾಗಿದೆ ನಿಂಗೆ? ನಿಜ ಹೇಳು."

ಹೇಳಿಬಿಟ್ಟಳು. ಅತ್ತೆ ಆ ತಪ್ಪು ತೋಳನ್ನು ಮಡಿಲಿಗೆ ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದರು. ಪೂರ್ತಿ ಬಿಚ್ಚಿ ತೋಳನ್ನು ಪಕ್ಕಕ್ಕಿಟ್ಟರು.

"ಬಾಗಿಲಿಗೆ ಆ ನೀಲಿ ಬಣ್ಣ ಬಳಿದವಳು ನಾನೇ," ಎಂದರು ಆಮೇಲೆ. "ಟಿಕೆಟ್ ವಾಪಸ್ ಮಾಡಿದ್ಯಾ?"

"ನಿಮ್ಮನ್ನ ಕೇಳದೆ ಹೇಗೆ ಮಾಡ್ಲಿ ಅತ್ತೆ?"

"ಮಾಡ್ಬೇಡ. ಹದಿನೆಂಟು ವರ್ಷ ಆ ಮನೇಲಿ ಅಪ್ಪನ ಜೊತೆ ಬಲೆ ಹೆಣೆದೆ, ತಮ್ಮಂದಿರನ್ನ ಸಾಕಿದೆ. ಸಮುದ್ರ ಕೂಗಳತೆ ದೂರದಲ್ಲಿತ್ತು. ಒಂದಿನಾನೂ ಸುಮ್ನೆ ಹೋಗಿ ಕೂತಿಲ್ಲ ಕಣೇ."

ಸೊಸೆಯ ಕಾಲು ಯಂತ್ರದ ಮೇಲೆ ಹಾಗೇ ನಿಂತಿತು. ತಾನು ಕೊನೆಯ ಸಲ ಸುಮ್ಮನೆ ಕೂತದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಮಧ್ಯಾಹ್ನ ಶಾಲೆಯ ಗುಮಾಸ್ತರು ಬಂದು, ಅರವತ್ತು ಸಮವಸ್ತ್ರ ತುರ್ತಾಗಿ ಬೇಕೆಂದು ಪಟ್ಟು ಹಿಡಿದರು.

"ಮುಂದಿನ ವಾರ ಅಂಗಡಿ ಇಲ್ಲ ಸಾರ್," ಎಂದಳು.

"ಎಷ್ಟು ದಿನ?"

ಮೂರು ಎನ್ನಲು ಬಾಯಿ ತೆರೆದವಳು, "ಐದು," ಎಂದಳು. ಅತ್ತೆ ಕನ್ನಡಕದ ಮೇಲಿಂದ ಒಮ್ಮೆ ಅವಳನ್ನು ನೋಡಿದರು.

ಹೋಗಿ ಬಂದರು. ಹೇಳಿಕೊಳ್ಳುವಂಥ ಜಾಗಗಳನ್ನೇನೂ ನೋಡಲಿಲ್ಲ. ಬೆಳಗಾದರೆ ದಂಡೆ, ಬಿಸಿಲೇರಿದರೆ ನೆರಳು, ಸಂಜೆ ಮತ್ತೆ ದಂಡೆ. ಮೊದಲ ದಿನ ಅತ್ತೆಗೆ ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಮೂರನೆಯ ದಿನದ ಹೊತ್ತಿಗೆ ರೂಢಿಯಾಯಿತು.