ಗುಂಡಿ ತೋಡುವವನ ಜಪಸರ

ಕುಂದಲಹಳ್ಳಿಯ ಆಚೆ, ಐಟಿ ಕಂಪನಿಗಳ ಗಾಜಿನ ಗೋಡೆಗೆ ಬೆನ್ನು ಮಾಡಿದ ಕ್ರೈಸ್ತರ ಸ್ಮಶಾನದಲ್ಲಿ ಬೆಳಗಿನ ಆರಕ್ಕೇ ಗುದ್ದಲಿಯ ಸದ್ದು. ಚೌರಪ್ಪ ಗುಂಡಿಯ ಅಂಚು ಸವರುತ್ತಿದ್ದಾರೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಐದಡಿ ಆಳ. ಸತ್ತವನು ಯಾರೇ ಆಗಲಿ, ಅಳತೆ ಬದಲಾಗುವುದಿಲ್ಲ. ಇಂದಿನದು ಒಬ್ಬ ಕ್ಯಾಬ್ ಚಾಲಕನಿಗೆ. ಕುಡಿದು ಕುಡಿದು ಲಿವರ್ ಕೆಟ್ಟು ಸತ್ತವನು, ನಲವತ್ತೂ ತುಂಬಿರಲಿಲ್ಲ.

ಗುಂಡಿಯೊಳಗೆ ಸೊಂಟದಾಳದಲ್ಲಿ ನಿಂತವರು ಜೊತೆಗಾರ ಇನ್ನಾಸಪ್ಪ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಕುಡಿತ ಬಿಟ್ಟವರು. ಬಿಟ್ಟವರೆಲ್ಲ ಬಿಟ್ಟೇ ಉಳಿಯುವುದಿಲ್ಲವೆಂದು ಚೌರಪ್ಪನಿಗೆ ಗೊತ್ತು. ಇನ್ನಾಸಪ್ಪನಿಗಿಂತ ಮೊದಲು ಜೊತೆಗಿದ್ದ ಇಬ್ಬರೂ ಹೀಗೆಯೇ ಬಿಟ್ಟಿದ್ದರು, ಮತ್ತೆ ಹಿಡಿದರು. ಇಬ್ಬರಿಗೂ ಚೌರಪ್ಪನೇ ಗುಂಡಿ ತೋಡಿದ್ದಾರೆ.

ಈ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗುಂಡಿ ತೋಡುವವನಿಗೆ ಸತ್ತವರ ಮನೆಯವರು ಕೂಲಿಯ ಜೊತೆಗೆ ಒಂದು ಕ್ವಾರ್ಟರ್ ಬ್ರಾಂದಿ ಕೊಡಬೇಕು. ಕೊಡದಿದ್ದರೆ ಸತ್ತವನಿಗೆ ಅವಮಾನ, ತೆಗೆದುಕೊಳ್ಳದಿದ್ದರೆ ಕೊಟ್ಟವನಿಗೆ. ಚೌರಪ್ಪ ವರ್ಷಗಟ್ಟಲೆ ತೆಗೆದುಕೊಂಡರು. ಹೆಣ ಹೆಚ್ಚಿದಷ್ಟೂ ಕುಡಿತ ಹೆಚ್ಚಿತು. ಕೊರೊನಾ ಕಾಲದಲ್ಲಿ ಅವರಿಗೆ ಹಗಲು ರಾತ್ರಿಯ ಪರಿವೆಯೇ ಇರಲಿಲ್ಲ. ಹೆಂಡತಿ ಆರೋಗ್ಯಮ್ಮ ಆಗ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಊರೋರ್ಗೆಲ್ಲ ತೋಡ್ತೀಯ, ನಿಂಗೂ ಒಂದು ತೋಡ್ಕೊಂಬುಡು. ಕೂಲಿ ನಾನ್ ಕೊಡ್ತೀನಿ.”

ಚೌರಪ್ಪ ಕುಡಿದೇ ಚರ್ಚಿಗೆ ಪಾಪನಿವೇದನೆಗೆ ಹೋದರು. ಚರ್ಚಿನ ಸ್ವಾಮಿಗಳು ಬೈಯಲಿಲ್ಲ; ನಾಳೆ ಬಾ ಎಂದರು. ಆಸ್ಪತ್ರೆಗೂ ಅವರೇ ಸೇರಿಸಿದರು. ಆಮೇಲೆ ಪ್ರತಿ ಸಂಜೆ ಚರ್ಚಿನ ಹಿಂದಿನ ಕೊಠಡಿಯಲ್ಲಿ ಕುಡಿತ ಬಿಟ್ಟವರ ಜೊತೆ ಜಪಸರ ಹಿಡಿದು ಪ್ರಾರ್ಥನೆ.

“ದೇವ್ರೇನ್ ಬಂದು ಬಾಟ್ಲಿ ಕಿತ್ಕೊಂಡ್ರಾ? ಇಲ್ಲ ಸಾರ್,” ಎನ್ನುತ್ತಾರೆ ಚೌರಪ್ಪ, ಅವರ ಕಥೆ ಕೇಳಲು ಬಂದ ನನಗೆ. “ಸಾಯಂಕಾಲ ಆದ್ರೆ ಕೈ ಏನಾದ್ರೂ ಕೇಳ್ತದೆ. ಸರ ಕೊಟ್ಟೆ. ಆಸೆ ಹೋಗಿಲ್ಲ. ಆಸೆ ಬಂದಾಗ ಮೊಣಕಾಲೂರೋಕೆ ಒಂದ್ ಜಾಗ ಸಿಕ್ತು, ಅಷ್ಟೆ.”

ಏಳಕ್ಕೆ ಸತ್ತವನ ಅಣ್ಣ ರಾಯಪ್ಪ ಬರುತ್ತಾನೆ. ಕೈಯಲ್ಲಿ ಕ್ವಾರ್ಟರ್.

“ತಗೋ ಚೌರಣ್ಣ.”

“ಬ್ಯಾಡ ಕಣಪ್ಪ. ಟೀ ತರ್ಸು, ಸಾಕು.”

“ಟೀ ಕುಡ್ದು ಮಣ್ ಮಾಡೋಕೆ ನನ್ ತಮ್ಮ ಏನ್ ನಾಯೀನಾ?”

“ಅದ್ನ ಕುಡ್ದೇ ಅಲ್ವೇನೋ ಅವ್ನು ಇಲ್ಲಿಗ್ ಬರ್ತಿರೋದು?”

ರಾಯಪ್ಪನ ಮುಖ ಬಿಗಿಯುತ್ತದೆ. ಮುಚ್ಚಳ ತಿರುಚುತ್ತಾನೆ. “ನೀವ್ ಕುಡೀದಿದ್ರೆ ಅವ್ನೇ ಕುಡೀಲಿ,” ಎಂದು ಬಾಟಲಿಯನ್ನು ಗುಂಡಿಯೊಳಕ್ಕೆ ಬಗ್ಗಿಸುತ್ತಾನೆ. ಇನ್ನಾಸಪ್ಪನ ಕಾಲ ಬುಡದಲ್ಲಿ ಮಣ್ಣು ಕಪ್ಪಾಗುತ್ತದೆ. ವಾಸನೆ ಮೇಲೇಳುತ್ತದೆ.

ಇನ್ನಾಸಪ್ಪನ ಗುದ್ದಲಿ ನಿಲ್ಲುತ್ತದೆ. ಬಗ್ಗಿ ಒಂದು ಹಿಡಿ ಒದ್ದೆ ಮಣ್ಣೆತ್ತಿ ಮೂಗಿನ ಹತ್ತಿರ ತರುತ್ತಾರೆ.

“ಇನ್ನಾಸಿ, ಮೇಲ್ ಬಾ.”

ಕದಲುವುದಿಲ್ಲ. ಚೌರಪ್ಪ ರಟ್ಟೆ ಹಿಡಿದು ಮೇಲಕ್ಕೆಳೆದು, ತಾವೇ ಇಳಿಯುತ್ತಾರೆ. ಒದ್ದೆ ಮಣ್ಣನ್ನು ಕೈಯಿಂದ ಕೆರೆದು ಮಂಕರಿಗೆ ತುಂಬುತ್ತಾರೆ. ಅವರ ಬಾಯಲ್ಲೂ ನೀರೂರುತ್ತದೆ. ಉಗುಳುತ್ತಾರೆ, ಮತ್ತೆ ಊರುತ್ತದೆ.

“ಸರ ಹೇಳೋ. ಜೋರಾಗ್ ಹೇಳು. ನಂಗೂ ಬೇಕು.”

ಮೇಲಿನಿಂದ ‘ನಮೋ ಮರಿಯ’ ಪ್ರಾರ್ಥನೆಯ ಮೊದಲರ್ಧ ತೊದಲುತ್ತಾ ಬರುತ್ತದೆ. ಉಳಿದರ್ಧವನ್ನು ಗುಂಡಿಯಿಂದ ಚೌರಪ್ಪ ಹೇಳುತ್ತಾರೆ. ನಡುವೆ ದನಿ ಕಡಿಯುತ್ತದೆ. “ನಿಲ್ಲಿಸ್ಬೇಡ!” ಎಂದು ಕೆಳಗಿನಿಂದ ಗದರಿಕೆ. ಮತ್ತೆ ಮೊದಲಾಗುತ್ತದೆ. ರಾಯಪ್ಪ ಖಾಲಿ ಬಾಟಲಿ ಹಿಡಿದು ಗೇಟಿನ ಕಡೆ ನಡೆಯುತ್ತಾನೆ.

ಮಧ್ಯಾಹ್ನ ಹೆಣ ಬಂದು, ಎಲ್ಲರೂ ಹಿಡಿ ಮಣ್ಣು ಹಾಕಿ ಹೋದ ಮೇಲೆ ಇನ್ನಾಸಪ್ಪ ನಲ್ಲಿಯ ಕೆಳಗೆ ಕೈ ತೊಳೆಯುತ್ತಾ ಕೂತಿದ್ದಾರೆ. ಬಸ್ ನಿಲ್ದಾಣದ ದಾರಿಯಲ್ಲಿ ಎರಡು ಬಾರುಗಳಿವೆ.

“ವಾಸ್ನೆ ಹೋಗ್ತಿಲ್ಲ ಅಣ್ಣ.”

“ಹೋಗಲ್ಲ. ತೊಳೀತಾ ಇರು. ಸಾಯಂಕಾಲದ ಸರಕ್ಕೆ ಇಬ್ರೂ ಒಟ್ಗೇ ಹೋಗಾನ.”

ಚೌರಪ್ಪ ಗುದ್ದಲಿಯ ಮಣ್ಣು ಕೆರೆಯುತ್ತಾ ನನ್ನ ಕಡೆ ತಿರುಗಿ ದನಿ ತಗ್ಗಿಸುತ್ತಾರೆ.

“ಎಷ್ಟ್ ಜನುಕ್ಕೆ ತೋಡಿದ್ದೀನೋ ಲೆಕ್ಕ ಇಲ್ಲ ಸಾರ್. ಇವ್ನಿಗ್ ಮಾತ್ರ ನಾನ್ ತೋಡ್ಬಾರ್ದು. ನಂಗೆ ಇವ್ನ್ ತೋಡ್ಬೇಕು. ಕೈ ನಡುಗ್ದೆ ತೋಡ್ಬೇಕು.”