ಓರೆಸ್ಟನ ಒಂಟಿ ಸುತ್ತು

ಓರೆಸ್ಟ್ ಹ್ರಿಂಕಿವ್‌ಗೆ ಮುಂದಿನ ನಾಲ್ಕು ಹಲ್ಲುಗಳಿಲ್ಲ. ಒಂದೊಂದು ಒಂದೊಂದು ಊರಿನಲ್ಲಿ ಉದುರಿದ್ದು. ಯಾವುದು ಎಲ್ಲಿ ಹೋಯಿತು ಎಂದು ಕೇಳಿದರೆ, ನಾಲಗೆಯಿಂದ ಆ ಸಂದನ್ನು ಒಮ್ಮೆ ತಡವಿ ನೋಡಿ ಊರಿನ ಹೆಸರು ಹೇಳುತ್ತಾನೆ. ಹದಿನಾಲ್ಕು ವರ್ಷದಲ್ಲಿ ಸಣ್ಣ ಲೀಗುಗಳ ಹನ್ನೊಂದು ತಂಡಗಳಿಗೆ ಆಡಿದವನು. ಐಸ್ ಹಾಕಿಯಲ್ಲಿ ಗೋಲು ಹೊಡೆದವನ ಹೆಸರು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ಗೋಲು ಆಗದ ಹಾಗೆ ಕಾಲು ಅಡ್ಡ ಕೊಟ್ಟ ರಕ್ಷಣೆಯ ಆಟಗಾರ ಮರುದಿನ ಕುಂಟುತ್ತಾನೆ, ಅಷ್ಟೇ. ಓರೆಸ್ಟ್ ಕುಂಟುವವರ ಪೈಕಿ.

ಅವನ ಅಪ್ಪ ಮೆತ್ರೊ ನಮ್ಮ ಟೆರೆಬಿನ್ ಊರಿನ ರಿಂಕಿನಲ್ಲಿ, ಅಂದರೆ ಮಾಡಿನ ಕೆಳಗಿನ ಐಸ್ ಅಂಗಳದಲ್ಲಿ, ನಲವತ್ತು ವರ್ಷ ಐಸ್ ಮಾಡಿದವನು. ಆಟದ ನಡುವೆ ಗೀರುಬಿದ್ದ ಐಸಿನ ಮೇಲೆ ಗಾಡಿ ಓಡಿಸಿ, ಬಿಸಿನೀರು ಹಾಯಿಸಿ, ಕನ್ನಡಿ ಮಾಡಿ ಕೊಡುವುದು ಅವನ ಕೆಲಸ. ನೀರು ಗಟ್ಟಿಯಾಗುವ ಮುಂಚೆ ಯಾರಾದರೂ ಕಾಲಿಟ್ಟರೆ ಪೊರಕೆಯಿಂದ ಬೆನ್ನಿಗೆ ಒಂದು ಬೀಳುತ್ತಿತ್ತು, ಊರಿನ ಮೇಯರ್ ಆದರೂ ಸರಿ. ಪಂದ್ಯ ನಡೆಯುವಾಗ ಅವನು ಆಟಗಾರರನ್ನು ನೋಡುತ್ತಲೇ ಇರಲಿಲ್ಲ. ಕಣ್ಣೆಲ್ಲ ಐಸಿನ ಮೇಲೆ.

"ಆಟ ಯಾರು ಬೇಕಾದ್ರೂ ಆಡ್ತಾರೆ. ಐಸ್ ಮಾಡಿ ತೋರಿಸ್ಲಿ ನೋಡೋಣ!" ಎನ್ನುತ್ತಿದ್ದ. ಮಗ ಗೆದ್ದು ಬಂದ ದಿನವೂ, "ಎಡಗಡೆ ಮೂಲೇಲಿ ಯಾಕೋ ಹಾಗೆ ಅಗೆದಿದ್ದೀಯ? ಆಲೂಗಡ್ಡೆ ನೆಡ್ತೀಯಾ?" ಎಂದೇ ಕೇಳಿದ್ದು.

ಆ ಹದಿನಾಲ್ಕು ವರ್ಷಗಳಲ್ಲಿ ಓರೆಸ್ಟನಿಗೆ ಈಗ ನೆನಪಾಗುವುದು ಪಂದ್ಯಗಳಲ್ಲ, ಬಸ್ಸು. ಹೊರಗೆ ಉದ್ದಕ್ಕೂ ಬಿಳಿ ಬಯಲು, ಒಳಗೆ ಇಪ್ಪತ್ತು ಜನರ ಒದ್ದೆ ಕೈಗವಸುಗಳ ನಾತ. ಹೊಸಬರು ಸೀಟುಗಳ ನಡುವೆ ನೆಲದಲ್ಲೇ ಮಲಗಬೇಕು, ಹಿರಿಯನಿಗೆ ಹಿಂದಿನ ಎರಡು ಸೀಟು. ನೆಲದಿಂದ ಆ ಸೀಟಿಗೆ ಏರಲು ಅವನಿಗೆ ಒಂಬತ್ತು ವರ್ಷ ಹಿಡಿಯಿತು. ಏರುವಷ್ಟರಲ್ಲಿ ಗಡ್ಡದಲ್ಲಿ ಬಿಳಿ ಕೂದಲು ಬಂದು, ಹುಡುಗರ ಬಾಯಲ್ಲಿ "ಅಜ್ಜ" ಆಗಿದ್ದ. "ಅಜ್ಜಾ, ಮೊಣಕಾಲು ಏನನ್ನುತ್ತೆ, ನಾಳೆ ಹಿಮ ಬೀಳುತ್ತಾ?" ಎಂದು ಕೆಣಕುತ್ತಿದ್ದರು. ಆ ನಾತ ಇನ್ನೊಮ್ಮೆ ಮೂಗಿಗೆ ಬಡಿದರೆ ಸಾಕು ಎಂದು ಅವನಿಗೆ ಈಗಲೂ ಅನಿಸುತ್ತದೆ. ನಗುವವರು ನಗಲಿ.

ದೊಡ್ಡ ಲೀಗಿನಿಂದ ಕರೆ ಬಂದಾಗ ಅವನಿಗೆ ಮೂವತ್ತೊಂದು. ಅಲ್ಲಿ ಯಾರದೋ ಭುಜ ಮುರಿದಿತ್ತು, ಒಂದು ಪಂದ್ಯಕ್ಕೆ ಆಳು ಬೇಕಿತ್ತು. ಕಡಲೆ ಸಿಕ್ಕಾಗ ಹಲ್ಲಿರಲಿಲ್ಲ ಎಂಬ ಮಾತು ಇವನ ಪಾಲಿಗೆ ಅಕ್ಷರಶಃ ನಿಜವಾಯಿತು. ಆದರೂ ಓರೆಸ್ಟ್ ಮೊದಲು ಫೋನು ಮಾಡಿದ್ದು ಅಪ್ಪನಿಗೆ.

ಈ ಆಟದಲ್ಲಿ ಒಂದು ಪದ್ಧತಿ ಇದೆ. ದೊಡ್ಡ ಲೀಗಿನಲ್ಲಿ ಮೊದಲ ಪಂದ್ಯ ಆಡುವವನನ್ನು ಜೊತೆಯವರು ಐಸಿಗೆ ಮುಂದೆ ಕಳಿಸಿ, ತಾವು ಬಾಗಿಲಲ್ಲೇ ನಿಂತುಬಿಡುತ್ತಾರೆ. ಅಷ್ಟು ದೊಡ್ಡ ರಿಂಕಿನಲ್ಲಿ ಅವನೊಬ್ಬನೇ ಒಂದು ಸುತ್ತು ಹಾಕಬೇಕು. ಜನ ನಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಬದುಕಿನಲ್ಲಿ ಒಂದೇ ಸಲ ಸಿಗುವ ಸುತ್ತು ಅದು. ಅದನ್ನು ನೋಡಲೆಂದು ಮೆತ್ರೊ ಜನವರಿಯ ಚಳಿಯಲ್ಲಿ ಒಂಬತ್ತು ಗಂಟೆ ಹಳೇ ಪಿಕಪ್ ಓಡಿಸಿಕೊಂಡು ಹೋದ.

ಸ್ಕೇಟ್ ಕಟ್ಟಿಕೊಳ್ಳುವಾಗ ನಾಯಕ ಪಕ್ಕಕ್ಕೆ ಬಂದು ಓರೆಸ್ಟನ ಗಡ್ಡ ನೋಡಿದ. "ಈ ಲೀಗಲ್ಲಿ ಮುಂಚೆ ಆಡಿದ್ದೀರಿ ತಾನೆ?" ಎಂದು ಕೇಳಿದ.

ಸುತ್ತಲೂ ಇಪ್ಪತ್ತು ಇಪ್ಪತ್ತೊಂದರ ಹುಡುಗರು. ಮೂವತ್ತೊಂದರ ಅಜ್ಜ ಇನ್ನೂ ಹೊಸಬ ಎಂದು ಅವರ ಮುಂದೆ ಹೇಳಲು ಓರೆಸ್ಟನ ಬಾಯಿ ಬರಲಿಲ್ಲ.

"ಹೂಂ, ಸ್ವಲ್ಪ," ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬಾಗಿಲು ತೆರೆದಾಗ ಇಪ್ಪತ್ತು ಜನ ಒಟ್ಟಿಗೇ ನುಗ್ಗಿದರು. ರಿಂಕಿನ ಸುತ್ತಲಿನ ಗಾಜಿನ ಆಚೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಮೆತ್ರೊ ಆ ಗುಂಪಿನಲ್ಲಿ ಮಗನನ್ನು ಹುಡುಕುತ್ತಿದ್ದ. ಅದು ಓರೆಸ್ಟನಿಗೆ ಕಾಣಿಸಿತು.

ಆ ಸಂಜೆ ಅವನು ಎಂಟು ನಿಮಿಷ ಆಡಿದ, ಪಕ್ ಎಂಬ ಗಟ್ಟಿ ರಬ್ಬರ್ ಬಿಲ್ಲೆಯ ಏಟನ್ನು ಪಾದಕ್ಕೆ ತಿಂದು ಒಂದು ಗೋಲು ತಪ್ಪಿಸಿದ. ಮರುದಿನ ಮತ್ತೆ ಬಸ್ಸು. ಇನ್ನೊಂದು ಕರೆ ಬರಲಿಲ್ಲ.

"ನಿನ್ನನ್ನ ಒಬ್ಬನೇ ಬಿಡ್ಲಿಲ್ವಲ್ಲೋ?" ಎಂದು ಅಪ್ಪ ಹೊರಗೆ ಕೇಳಿದ್ದಕ್ಕೆ, "ಈ ತಂಡದಲ್ಲಿ ಆ ಪದ್ಧತಿ ಇಲ್ಲಪ್ಪ," ಎಂದು ಇನ್ನೊಂದು ಸುಳ್ಳು ಹೇಳಿದ. ಆ ಸುಳ್ಳು ತಿಂಗಳೂ ಬಾಳಲಿಲ್ಲ. ಅದೇ ತಂಡ ಒಬ್ಬ ಹೊಸ ಹುಡುಗನನ್ನು ಒಂಟಿಯಾಗಿ ಕಳಿಸಿದ್ದನ್ನು ಮೆತ್ರೊ ಟಿ.ವಿ.ಯಲ್ಲಿ ಕಣ್ಣಾರೆ ನೋಡಿದ. ತನ್ನ ಮಗನನ್ನು ಬೇಕೆಂದೇ ಕಡೆಗಣಿಸಿದರು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಂದಿನಿಂದ ರಿಂಕಿನ ಕಾಫಿ ಕಟ್ಟೆಯಲ್ಲಿ ಆ ತಂಡದ ಹೆಸರು ಯಾರಾದರೂ ಎತ್ತಿದರೆ ಮೆತ್ರೊನ ಬಾಯಿ ಹಿಡಿಯುವವರಿರಲಿಲ್ಲ. "ಮರ್ಯಾದೆಗೆಟ್ಟ ನನ್ಮಕ್ಕಳು, ನಮ್ಮ ಹುಡುಗನಿಗೆ ಒಂದು ಸುತ್ತು ಬಿಡೋಕಾಗ್ಲಿಲ್ಲ ಅವರಿಗೆ," ಎಂದು ಹನ್ನೆರಡು ವರ್ಷ ಬೈದ. ಊರಲ್ಲಿದ್ದಾಗಲೆಲ್ಲ ಓರೆಸ್ಟ್ ಪಕ್ಕದಲ್ಲೇ ಕೂತು ಕಾಫಿಯೊಳಗೆ ಮುಖ ಹುದುಗಿಸುತ್ತಿದ್ದ. ಪಂದ್ಯ ಸೋತದ್ದು, ಹಲ್ಲು ಹೋದದ್ದು ಯಾವುದೂ ಅವನನ್ನು ಇಷ್ಟು ಕೊರೆದಿರಲಿಲ್ಲ.

ಈ ಮಾರ್ಚಿನಲ್ಲಿ ರಿಂಕಿನ ಮಾಡು ಹಿಮದ ಭಾರ ತಾಳುವುದಿಲ್ಲ, ಕೆಡವಬೇಕು ಎಂದು ತೀರ್ಮಾನವಾಯಿತು. ಕೊನೆಯ ಭಾನುವಾರ ಮಧ್ಯಾಹ್ನ ನಲವತ್ತು ದಾಟಿದವರ ಪಂದ್ಯ. ಕೊನೆಯ ಐಸ್ ಮೆತ್ರೊನದೇ. ಅವನಿಗೆ ಎಪ್ಪತ್ತೆಂಟು. ರಿಂಕಿನ ಅಡುಗೆಮನೆಯಲ್ಲಿ ಮೆತ್ರೊನ ತಂಗಿ ನಾಡಿಯಾ ಅತ್ತೆ ಆಲೂಗಡ್ಡೆ ತುಂಬಿದ ಕಡುಬು ಬೇಯಿಸುತ್ತಿದ್ದಳು, ಈರುಳ್ಳಿ ಹುರಿದ ಘಮ ಗಾಡಿಯ ಶೆಡ್ಡಿನವರೆಗೂ ಬರುತ್ತಿತ್ತು. ಅಪ್ಪ ಗಾಡಿಗೆ ಬಿಸಿನೀರು ತುಂಬುತ್ತಿದ್ದಾಗ ಓರೆಸ್ಟ್ ಸ್ಕೇಟ್ ಕಟ್ಟಿಕೊಂಡೇ ಅಲ್ಲಿಗೆ ಹೋದ. ಇವತ್ತು ಹೇಳದಿದ್ದರೆ ಇನ್ನು ಹೇಳುವ ಜಾಗವೇ ಇರುವುದಿಲ್ಲ.

"ಅಪ್ಪ, ಅವರ ತಪ್ಪಲ್ಲ. ಮುಂಚೆ ಆಡಿದ್ದೀರಾ ಅಂತ ಕೇಳಿದ್ರು. ಹೂಂ ಅಂದೆ. ನಾಚಿಕೆ ಆಯ್ತು."

ಮೆತ್ರೊ ನೀರಿನ ಕೊಳವೆ ಹಿಡಿದುಕೊಂಡೇ ತಿರುಗಿದ.

"ಹನ್ನೆರಡು ವರ್ಷ ಆ ಪಾಪದವರನ್ನ ಬೈದೆನಲ್ಲೋ! ಒಂದು ದಿನ ಬಾಯಿ ಬಿಡೋಕಾಗ್ಲಿಲ್ವಾ ನಿಂಗೆ?"

"ನೀನು ಒಂಬತ್ತು ಗಂಟೆ ಗಾಡಿ ಓಡಿಸ್ಕೊಂಡು ಬಂದಿದ್ದೆ. ಹೇಗಪ್ಪ ಹೇಳ್ಲಿ?"

"ಹಿಮಸಾರಂಗಕ್ಕೂ ನಿನಗಿಂತ ಬುದ್ಧಿ ಇರುತ್ತೆ," ಎಂದ ಮೆತ್ರೊ. ಕೊಳವೆ ಬಿಸಾಕಿ ಗಾಡಿ ಹತ್ತಿ ಹೋದ. ಮಗನ ಕಡೆ ನೋಡಲಿಲ್ಲ.

ಗೋಡೆಯಂಚಿನಿಂದ ಶುರುಮಾಡಿ ನಡುವಿನವರೆಗೆ, ಎಂದಿಗಿಂತ ನಿಧಾನವಾಗಿ ಐಸ್ ಮಾಡಿದ. ಬಾಗಿಲಲ್ಲಿ ಹೊಟ್ಟೆ ಬಂದ ಇಪ್ಪತ್ತು ಗಂಡಸರು ಕಾಯುತ್ತಿದ್ದರು. ಗಾಡಿ ನಿಲ್ಲಿಸಿ ಬಂದ ಮೆತ್ರೊ ಬಾಗಿಲಿಗೆ ಪೊರಕೆ ಅಡ್ಡ ಹಿಡಿದ.

"ಇನ್ನೂ ಹಸಿ ಇದ್ಯಾ, ಮೆತ್ರೊ?" ಎಂದು ಒಬ್ಬ ಕೇಳಿದ.

"ಗಟ್ಟಿಯಾಗಿದೆ. ನೀವೆಲ್ಲ ಬಾಯಿ ಮುಚ್ಕೊಂಡು ಇಲ್ಲೇ ನಿಲ್ಲಿ," ಎಂದ ಮೆತ್ರೊ. ಆಮೇಲೆ ಪೊರಕೆಯನ್ನು ಒಬ್ಬನಿಗೆ ಮಾತ್ರ ಎತ್ತಿದ. "ಓರೆಸ್ಟ್, ನೀನು ಹೋಗು."

ಗುಂಪಿನಲ್ಲಿ ಯಾರೂ ಹೆಚ್ಚು ಕೇಳಲಿಲ್ಲ. ಆಡಿದವರಿಗೆ ಅರ್ಥವಾಗುತ್ತದೆ. ನಲವತ್ಮೂರು ವರ್ಷದ ಓರೆಸ್ಟ್ ಆ ಕನ್ನಡಿಯ ಮೇಲೆ ಕಾಲಿಟ್ಟ. ಬಲ ಮೊಣಕಾಲು ಕಿರುಗುಟ್ಟಿತು. ಇಡೀ ರಿಂಕಿನಲ್ಲಿ ಅವನೊಬ್ಬನ ಸ್ಕೇಟಿನ ಸದ್ದು. ನಾಡಿಯಾ ಅತ್ತೆ ಜಾಲರಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಎರಡನೇ ಮೂಲೆ ತಿರುಗುವಾಗ ಅವನು ಬಾಗಿಲ ಕಡೆ ನೋಡಿದ. ಅಪ್ಪನ ಟೋಪಿ ಕೈಯಲ್ಲಿತ್ತು, ಕಣ್ಣು ಐಸಿನ ಮೇಲಿರಲಿಲ್ಲ.

ಸುತ್ತು ಮುಗಿಸಿ ಅಪ್ಪನ ಮುಂದೆ ಬಂದು ನಿಂತ. ಮೆತ್ರೊ ಟೋಪಿಯಿಂದ ಮುಖ ಒರೆಸಿಕೊಂಡ.

"ಕಣ್ಣಲ್ಲಿ ನೀರು ಬಂದುಬಿಡ್ತು, ಸರಿಯಾಗಿ ಕಾಣ್ಲಿಲ್ಲ ಕಣೋ," ಎಂದ. "ಇನ್ನೊಂದು ಸುತ್ತು ಹಾಕು."

ಪೊರಕೆ ಮತ್ತೆ ಬಾಗಿಲಿಗೆ ಅಡ್ಡ ಬಂತು. ಓರೆಸ್ಟ್ ತಿರುಗಿ ಹೊರಟ.